ಹಲ್ಲು ಕಡಿಯುವವರಿಗೆ ಸ್ಪ್ಲಿಂಟ್: ಕೂರಿಸಿದ ಮೇಲಿನ ಕೆಲಸ

ನಿದ್ದೆಯಲ್ಲಿ ಹಲ್ಲು ಕಡಿಯುವವರು ದಂತವೈದ್ಯೆಯಾದ ನನ್ನ ಬಳಿಗೆ ಬರುವುದು ಬಹುಮಟ್ಟಿಗೆ ಹಲ್ಲಿನ ದೂರು ಹೊತ್ತಲ್ಲ. ಬೆಳಿಗ್ಗೆ ಏಳುವಾಗ ಹಣೆಯ ಪಕ್ಕಗಳಲ್ಲಿ ನೋವು, ಬಾಯಿ ತೆರೆದಾಗ ಕಿವಿಯ ಮುಂದೆ ‘ಕಟಕ್’ ಎನ್ನುವ ಸದ್ದು, ಅಗಿಯುವಾಗ ಬೇಗ ಸೋಲುವ ದವಡೆ, ಇಂಥವು ಅವರನ್ನು ಕರೆತರುತ್ತವೆ. ಸ್ಪ್ಲಿಂಟ್‌ಗಾಗಿ, ಅಂದರೆ ರಾತ್ರಿ ಹಲ್ಲುಗಳ ಮೇಲೆ ಧರಿಸುವ ಕವಚಕ್ಕಾಗಿ, ಹಲ್ಲುಗಳ ಅಚ್ಚು ತೆಗೆಯುವ ಮೊದಲು ನಾನು ಕೆನ್ನೆಯ ಸ್ನಾಯುಗಳನ್ನು ಬೆರಳಿನಿಂದ ಒತ್ತಿ ನೋಡಿ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುತ್ತೇನೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 40 ಮಿ.ಮೀ. ದಾಟುತ್ತದೆ; ಅಷ್ಟು ತೆರೆಯದೆ ದವಡೆ ಒಂದು ಬದಿಗೆ ವಾಲಿದರೆ, ಕೀಲಿನೊಳಗಿನ ಮೃದ್ವಸ್ಥಿಯ ಬಿಲ್ಲೆ ಜಾರಿರಬಹುದೆಂದು ಸಂಶಯಪಡುತ್ತೇನೆ. ನೋವಿಲ್ಲದ ಬರೀ ಸದ್ದಿಗೆ ಸ್ಪ್ಲಿಂಟ್ ಕೊಡುವುದಿಲ್ಲ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದವರನ್ನು ಮೊದಲು ನಿದ್ರಾ ಪರೀಕ್ಷೆಗೆ ಕಳುಹಿಸುತ್ತೇನೆ, ಏಕೆಂದರೆ ಮೇಲ್ದವಡೆಯ ಸ್ಪ್ಲಿಂಟ್ ಕೆಲವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ಹೆಚ್ಚಿಸಬಲ್ಲದು.

ನಾನು ಬಳಸುವುದು ಮೇಲಿನ ಎಲ್ಲ ಹಲ್ಲುಗಳನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್. ದವಡೆಹಲ್ಲುಗಳ ಮೇಲೆ ಅದರ ದಪ್ಪ ಸುಮಾರು 2 ಮಿ.ಮೀ. ಮೆತ್ತನೆಯದು ಅಗ್ಗ, ಬೇಗ ಸಿದ್ಧವಾಗುತ್ತದೆ, ನಿಜ. ಆದರೆ ಅದನ್ನು ಉಜ್ಜಿ ಸರಿಹೊಂದಿಸುವುದು ಕಷ್ಟ, ಮೇಲಾಗಿ ಕೆಲವರು ಅದನ್ನು ಅಗಿಯಲು ತೊಡಗುತ್ತಾರೆ. ಮುಂದಿನ ಹಲ್ಲುಗಳಿಗಷ್ಟೇ ಕೂರುವುದನ್ನು ದೀರ್ಘಕಾಲ ಬಳಸಿದರೆ ಹಿಂದಿನ ಹಲ್ಲುಗಳು ಮೇಲೆದ್ದು ಕಚ್ಚುವಿಕೆಯೇ ಬದಲಾಗುವ ಅಪಾಯವಿದೆ.

ನನ್ನ ಬಹುಪಾಲು ಸಮಯ ಹೋಗುವುದು ಸ್ಪ್ಲಿಂಟನ್ನು ಉಜ್ಜುವುದರಲ್ಲಿ. ರೋಗಿಯನ್ನು ನೆಟ್ಟಗೆ ಕೂರಿಸಿ, ಮೊದಲು ಕೆಂಪು ಆರ್ಟಿಕ್ಯುಲೇಟಿಂಗ್ ಪೇಪರ್ (ಹಲ್ಲು ತಾಗಿದ ಕಡೆ ಬಣ್ಣದ ಗುರುತು ಬಿಡುವ ತೆಳು ಕಾಗದ) ಇಟ್ಟು ಕೆಳದವಡೆಯನ್ನು ಪಕ್ಕಕ್ಕೂ ಮುಂದಕ್ಕೂ ಜಾರಿಸಲು ಹೇಳುತ್ತೇನೆ. ಆಮೇಲೆ ನೀಲಿ ಪೇಪರ್ ಇಟ್ಟು ನೇರವಾಗಿ ಕಚ್ಚಿಸುತ್ತೇನೆ. ಕೆಳಗಿನ ಪ್ರತಿಯೊಂದು ದವಡೆಹಲ್ಲೂ ಒಂದೇ ಬಗೆಯ ನೀಲಿ ಚುಕ್ಕೆ ಬಿಡಬೇಕು, ಪಕ್ಕಕ್ಕೆ ಜಾರುವಾಗ ಕೋರೆಹಲ್ಲೊಂದೇ ಕೆಂಪು ಗೆರೆ ಎಳೆಯಬೇಕು. ಹಿಂದೆಲ್ಲಾದರೂ ಕೆಂಪು ಕಂಡರೆ ಬರ್‌ನಿಂದ (ತಿರುಗುತ್ತಾ ಉಜ್ಜುವ ಪುಟ್ಟ ಉಪಕರಣ) ಅಷ್ಟನ್ನೇ ತೆಗೆಯುತ್ತೇನೆ. ವಾರ ಕಳೆದು ಬಂದಾಗ ಆ ಚುಕ್ಕೆಗಳು ಹಲವರಲ್ಲಿ ಜಾಗ ಬದಲಿಸಿರುತ್ತವೆ: ಬಿಗಿದಿದ್ದ ಸ್ನಾಯು ಸಡಿಲಗೊಂಡಂತೆ ದವಡೆ ಬೇರೆಡೆ ನೆಲೆಸುತ್ತದೆ. ಮತ್ತೆ ಉಜ್ಜಬೇಕು. ಚುಕ್ಕೆಗಳು ಕದಲದೆ ನಿಲ್ಲುವವರೆಗೂ ಇದು ನಡೆಯುತ್ತದೆ, ಮತ್ತು ಈ ಭೇಟಿಗಳನ್ನು ತಪ್ಪಿಸುವವರಿಗೆ ಸ್ಪ್ಲಿಂಟ್ ಕೊಡದಿರುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಸ್ಪ್ಲಿಂಟ್ ಮೇಲೆ ಗೀರು ಕಂಡು “ಡಾಕ್ಟ್ರೇ, ಇನ್ನೂ ಕಡೀತಾ ಇದೀನಲ್ಲ” ಎಂದು ಕೆಲವರು ಬೇಸರಪಡುತ್ತಾರೆ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಸವೆತವನ್ನು ಎನಾಮಲ್ ಬದಲು ತಾನು ಹೊರುತ್ತದೆ. ಹಗಲಲ್ಲಿ ಹಲ್ಲು ಬಿಗಿಹಿಡಿಯುವ ಅಭ್ಯಾಸಕ್ಕೆ ಬೇರೆಯೇ ಪಾಠ: ತುಟಿ ಮುಚ್ಚಿರಲಿ, ಹಲ್ಲುಗಳು ತಾಗದಿರಲಿ. ಸ್ಪ್ಲಿಂಟನ್ನು ಬಿಸಿನೀರಿನಲ್ಲಿ ತೊಳೆದರೆ ಅದರ ಆಕಾರ ಕೆಡುತ್ತದೆ. ಬೆಳಿಗ್ಗೆ ತೆಗೆದ ಮೇಲೆ ಹಲ್ಲುಗಳು ಹೊಂದದಂತೆ ಕೊಂಚ ಹೊತ್ತು ಅನಿಸುವುದುಂಟು. ಮಧ್ಯಾಹ್ನವಾದರೂ ಹಾಗೆಯೇ ಇದ್ದರೆ ಆ ರಾತ್ರಿ ಧರಿಸದೆ ನನ್ನ ಬಳಿಗೆ ಬರಲು ಹೇಳಿರುತ್ತೇನೆ.