ಮನೆ ಬದಲಿಸುವಾಗ ಉಪ್ಪಿನಕಾಯಿ ಭರಣಿಗಳನ್ನು ಕಾಪಾಡುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಕೃಷಿಕರ ಮನೆಗಳಲ್ಲಿ ಮನೆ ಖಾಲಿ ಮಾಡುವ ದಿನ ನಿಶ್ಚಯವಾದೊಡನೆ ಮಂಚ, ಕಪಾಟು, ಕಡೆಯುವ ಕಲ್ಲುಗಳ ಪಟ್ಟಿ ಸಿದ್ಧವಾಗುತ್ತದೆ. ಉಗ್ರಾಣದ ಕತ್ತಲೆಯಲ್ಲಿ ಸಾಲಾಗಿ ಕುಳಿತಿರುವ ಭರಣಿಗಳ ನೆನಪಾಗುವುದು ಮಾತ್ರ ಪಿಕಪ್ ಅಂಗಳಕ್ಕೆ ಬಂದು ನಿಂತ ಮೇಲೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ಆಸ್ತಿ ಪಾಲಾದ ಬಳಿಕ ಹಳೆಯ ಮನೆಯನ್ನು ಬಿಟ್ಟು, ಹೊಸ ಮನೆಯ ಕೆಲಸ ಮುಗಿಯುವವರೆಗೆ ಐದು ತಿಂಗಳು ಬಾಡಿಗೆ ಮನೆಯಲ್ಲಿರಬೇಕಾಗಿ ಬಂದಾಗ ನಮ್ಮ ಬಳಿ 14 ಭರಣಿಗಳಿದ್ದವು. ದಾರಿಯಲ್ಲಿ ಒಡೆದದ್ದು ಒಂದೇ; ಆದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ಬಾಯಿ ಬಿಚ್ಚಿ ನೋಡಿದಾಗ ಮೂರು ಭರಣಿಗಳ ಮಾವಿನ ಮಿಡಿ ಮೆತ್ತಗಾಗಿ, ಮೇಲೆ ಬಿಳಿ ಪರೆ ಕಟ್ಟಿ, ತೆಂಗಿನ ಬುಡಕ್ಕೆ ಸುರಿಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಒಡೆಯುತ್ತದೆಂಬ ಹೆದರಿಕೆಯಿಂದ ನಾವು ಮಾಡಿದ ಕೆಲಸಗಳೇ ಆ ಮೂರನ್ನು ಕೆಡಿಸಿದ್ದವು. ಹಗುರವಾಗಲೆಂದು ಉಪ್ಪುನೀರನ್ನು ಚೆಲ್ಲಿದ್ದೆವು, ಬಾಡಿಗೆ ಮನೆಯಲ್ಲಿ ಜಾಗ ಸಾಲದೆ ಅದೇ ಭರಣಿಗಳನ್ನು ಮತ್ತೆ ಮತ್ತೆ ಎತ್ತಿ ಇಟ್ಟಿದ್ದೆವು.

ಆದ್ದರಿಂದ ಮೊದಲು ಯೋಚಿಸಬೇಕಾದದ್ದು ಭರಣಿಯನ್ನು ಹೇಗೆ ಸಾಗಿಸುವುದೆಂದಲ್ಲ, ಎಷ್ಟು ಕಡಿಮೆ ಸಲ ಅಲುಗಿಸಬಹುದೆಂದು. ನಡುವೆ ತಾತ್ಕಾಲಿಕ ವಾಸವಿದ್ದರೆ ಭರಣಿಗಳು ನಮ್ಮ ಜೊತೆ ಅಲ್ಲಿಗೆ ಬರಬೇಕೆಂದೇನೂ ಇಲ್ಲ. ದಿನಬಳಕೆಗೆ ಎರಡು ಚಿಕ್ಕ ಜಾಡಿಗಳನ್ನು ಮಾತ್ರ ಇಟ್ಟುಕೊಂಡು, ಉಳಿದುದನ್ನು ನೆಲಮಾಳಿಗೆಯೋ ತಂಪಾದ ಉಗ್ರಾಣವೋ ಇರುವ ನೆಂಟರ ಮನೆಯೊಂದಕ್ಕೆ ನೇರವಾಗಿ ಕೊಂಡೊಯ್ದು, ಹೊಸ ಮನೆ ಸಿದ್ಧವಾದ ಮೇಲೆ ಅಲ್ಲಿಂದ ನೇರವಾಗಿ ತರುವುದು ಮೇಲು. ಹಾಗೆ ಇಟ್ಟ ಮನೆಯಲ್ಲಿ ಅತ್ತಿಗೆಯೋ ದೊಡ್ಡಮ್ಮನೋ ಯಾರಾದರೊಬ್ಬರು ಮಾತ್ರ ಅದರ ಹೊಣೆ ಹೊತ್ತಿರಬೇಕು. ನಾಲ್ಕು ಮಂದಿ ಕಾಳಜಿಯಿಂದ ನಾಲ್ಕು ಸಲ ಮುಚ್ಚಳ ತೆಗೆದು ನೋಡಿದರೆ, ಯಾರೂ ನೋಡದಿದ್ದುದಕ್ಕಿಂತ ಹೆಚ್ಚು ಹಾನಿಯಾಗುತ್ತದೆ.

ದಿನ ಗೊತ್ತು ಮಾಡುವಾಗಲೂ ಭರಣಿಗಳ ಪ್ರಾಯವನ್ನು ಗಮನಿಸಬೇಕು. ಆಟಿಯಲ್ಲಿ ಮನೆ ಒಕ್ಕಲು ಮಾಡುವ ಕ್ರಮ ನಮ್ಮಲ್ಲಿಲ್ಲದ ಕಾರಣ ಅನೇಕರು ಮೇ ತಿಂಗಳಲ್ಲಿ, ತುಳುನಾಡಿನ ಜಾತ್ರೆ, ಕೋಲಗಳು ಮುಗಿಯುವ ದಿನವಾದ ಪತ್ತನಾಜೆಯ ಆಸುಪಾಸಿನಲ್ಲಿ, ಮಳೆ ಹಿಡಿಯುವ ಮೊದಲೇ ಸಾಮಾನು ಸಾಗಿಸುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಉಪ್ಪಿಗೆ ಹಾಕಿದ ಮಿಡಿಗೆ ಆಗ ಎರಡು ಮೂರು ತಿಂಗಳಷ್ಟೇ ಆಗಿರುತ್ತದೆ, ಹಲಸಿನ ಉಪ್ಪುಸೊಳೆಗಾದರೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನಕಾಯಿಯ ತೊಳೆ) ಕೆಲವೇ ವಾರ. ಹೊಸದಾಗಿ ಹಾಕಿದ ಭರಣಿಯೊಳಗೆ ಕೆಲಸ ಇನ್ನೂ ನಡೆಯುತ್ತಿರುತ್ತದೆ: ಉಪ್ಪು ಕಾಯಿಯೊಳಗಿನ ನೀರನ್ನು ಎಳೆಯುತ್ತಿರುತ್ತದೆ, ಹುಳಿಯಾಗಿಸುವ ಸೂಕ್ಷ್ಮಜೀವಿಗಳು ಅನಿಲ ಬಿಡುತ್ತಿರುತ್ತವೆ. ಎರಡು ವರ್ಷ ಹಳೆಯದಾದ, ಉಪ್ಪು ಸರಿಯಾಗಿ ಎಳೆದುಕೊಂಡ ಮಿಡಿ ಪಯಣವನ್ನು ತಡೆದುಕೊಳ್ಳುತ್ತದೆ. ಹೊಸ ಸೊಳೆ ತಡೆದುಕೊಳ್ಳುವುದಿಲ್ಲ. ಮನೆ ಬದಲಿಸುವ ವರ್ಷ ಸೊಳೆ ಹಾಕದಿರುವುದೇ ಲೇಸೆಂದು ನನಗೆ ತೋರುತ್ತದೆ, ಆಟಿಯ ಸೊಳೆ ರೊಟ್ಟಿ ತಪ್ಪಿದ್ದಕ್ಕೆ ಮನೆಯವರ ಮಾತು ಕೇಳಬೇಕಾದೀತಾದರೂ.

ಹೊರಡುವುದಕ್ಕೆ ಹತ್ತು ದಿನ ಮೊದಲು, ಬಿಸಿಲಿರುವ ಒಣ ದಿನ ನೋಡಿ, ಎಲ್ಲ ಭರಣಿಗಳ ಬಾಯಿಯನ್ನು ಒಮ್ಮೆ ಬಿಚ್ಚಿ ಉಪ್ಪುನೀರನ್ನು ಪರೀಕ್ಷಿಸಬೇಕು. ನಮ್ಮ ಮಿಡಿ ಉಪ್ಪಿನಕಾಯಿಗೆ ಎಣ್ಣೆಯ ಹೊದಿಕೆಯಿಲ್ಲ. ಗಾಳಿಯಿಂದ ಅದನ್ನು ಕಾಯುವುದು ಮೇಲೆ ನಿಂತ ಉಪ್ಪುನೀರು ಮತ್ತು ಹೊರಡಿ (ಮೆಣಸು, ಸಾಸಿವೆ ಅರೆದ ಮಸಾಲೆ) ಮಾತ್ರ. ಕಾಯಿ ನೀರಿನ ಮಟ್ಟದಿಂದ ಮೇಲೆ ಎದ್ದರೆ ಅಲ್ಲಿ ಬಿಳಿ ಪರೆ ಹುಟ್ಟುತ್ತದೆ. ಈ ಪರೆ ತಾನಾಗಿ ವಿಷವಲ್ಲ, ಆದರೆ ಗಾಳಿಯಲ್ಲಿ ಬೆಳೆಯುವ ಆ ಯೀಸ್ಟು ಭರಣಿಯೊಳಗಿನ ಹುಳಿಯನ್ನೇ ತಿಂದು ಮುಗಿಸುತ್ತದೆ, ಹುಳಿ ತಗ್ಗಿದಲ್ಲಿಗೆ ಕೊಳೆಸುವ ಜೀವಿಗಳು ಬರುತ್ತವೆ. ತೆಳುವಾಗಿದ್ದರೆ ಒಣಗಿದ ಸಟ್ಟುಗದಿಂದ ಪರೆಯನ್ನು ತೆಗೆದು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಳಗೋಡೆಯನ್ನು ಒರೆಸಿದರೆ ಸಾಕು. ಹಸುರು ಅಥವಾ ಕಪ್ಪು ಬೂಸುರು ಕಂಡರೆ, ಅಥವಾ ಮಿಡಿಯನ್ನು ಒತ್ತಿದಾಗ ಒಳಗೆ ಜಗ್ಗಿದರೆ, ಆ ಭರಣಿಯನ್ನು ಹೊತ್ತು ಸಾಗಿಸುವ ಕಷ್ಟವನ್ನೇ ಪಡಬೇಡಿ.

ಕಡಿಮೆಯಾದ ನೀರನ್ನು ತುಂಬಲು ಬಾವಿಯ ನೀರನ್ನೋ ನಳ್ಳಿಯ ನೀರನ್ನೋ ಬರಿದೇ ಹೊಯ್ಯುವುದು ದೊಡ್ಡ ತಪ್ಪು. ನೀರಿನ ಹದ ನೋಡಲು ಕೆಲವರು ಮೊಟ್ಟೆ ತೇಲಿಸುವುದುಂಟು. ನಮ್ಮಂಥ ಮನೆಗಳಲ್ಲಿ ಅದು ನಡೆಯದ ಮಾತಾದ್ದರಿಂದ ತೂಕವನ್ನೇ ನಂಬಬೇಕು. 1 ಲೀಟರ್ ನೀರಿಗೆ 250 ಗ್ರಾಂ ಹರಳುಪ್ಪು ಹಾಕಿ ಚೆನ್ನಾಗಿ ಕುದಿಸಿ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿದರೆ ತೂಕದಲ್ಲಿ ಸುಮಾರು ಶೇಕಡಾ 20 ಉಪ್ಪಿರುವ ನೀರು ಸಿಗುತ್ತದೆ. ಬಿಸಿಯಾಗಿರುವಾಗ ಹೊಯ್ದರೆ ಮಿಡಿ ಬೇಯುತ್ತದೆ, ಹಳೆಯ ಭರಣಿ ಬಿರಿಯಲೂಬಹುದು. ಕತ್ತಿನಿಂದ ಎರಡು ಬೆರಳು ಕೆಳಗಿನವರೆಗೆ ತುಂಬಿಸಿ. ಒಳಗೆ ಖಾಲಿ ಜಾಗ ಹೆಚ್ಚಿದ್ದಷ್ಟೂ ಪ್ರತಿ ತಿರುವಿನಲ್ಲಿ ನೀರು ಕುಲುಕಿ ಮುಚ್ಚಳಕ್ಕೆ ಬಡಿಯುತ್ತದೆ, ಜೊತೆಗೆ ಗಾಳಿಯನ್ನೂ ಒಳಗೆ ಕಲಸುತ್ತದೆ.

ಅದೇ ದಿನ ಭರಣಿಯನ್ನೂ ಪರೀಕ್ಷಿಸಬೇಕು. ಹೊರಮೈಯಲ್ಲಿ ಬಿಳಿ ಗೆರೆಯಂತೆ ಉಪ್ಪು ಕಟ್ಟಿದ್ದರೆ ಅಲ್ಲಿ ಕೂದಲೆಳೆಯಷ್ಟು ಬಿರುಕಿದೆಯೆಂದು ಅರ್ಥ. ಖಾಲಿ ಭರಣಿಯನ್ನು ಬೆರಳ ಗಂಟಿನಿಂದ ತಟ್ಟಿದಾಗ ಗಂಟೆಯಂಥ ನಾದ ಬಾರದೆ ಬೊದ್ದಾದ ಸದ್ದು ಬಂದರೆ ಅದನ್ನು ಹೊಸ ಮನೆಯಲ್ಲಿ ಹೂಗಿಡಕ್ಕೆ ಮೀಸಲಿಡಿ.

ದೊಡ್ಡ ಭರಣಿಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಹೇಗಿದೆಯೋ ಹಾಗೆಯೇ ಒಯ್ಯಬೇಕೆನ್ನುವವರ ವಾದದಲ್ಲಿ ಹುರುಳಿದೆ, ಏಕೆಂದರೆ ಪಾತ್ರೆ ಬದಲಿಸುವುದೆಂದರೆ ಗಾಳಿಗೆ ಒಡ್ಡುವುದೆಂದೇ ಅರ್ಥ. ಆದರೆ ಇಷ್ಟು ಉಪ್ಪಿರುವ ನೀರು ಲೀಟರಿಗೆ ಸುಮಾರು 1.15 ಕಿಲೋ ತೂಗುವುದರಿಂದ, 15 ಲೀಟರಿನ ಭರಣಿಯಲ್ಲಿ ಒಳಗಿನ ಪದಾರ್ಥವೇ 17 ಕಿಲೋ ಹತ್ತಿರವಾಗುತ್ತದೆ. ಭರಣಿಯ ಸ್ವಂತ ತೂಕವೂ ಸೇರಿದರೆ ಹಳೆಯ ಮನೆಯ ಎತ್ತರದ ಹೊಸ್ತಿಲು ದಾಟಿಸಿ ಮೆಟ್ಟಿಲಿಳಿಸುವುದು ಒಬ್ಬರ ಕೆಲಸವಲ್ಲ. ನಡುವಯಸ್ಸಿನವರೊಬ್ಬರು ತಬ್ಬಿ ಎತ್ತಬಲ್ಲಷ್ಟು ದೊಡ್ಡದನ್ನು ಹಾಗೆಯೇ ಒಯ್ಯಬೇಕು, ಅದಕ್ಕಿಂತ ದೊಡ್ಡದನ್ನು ಮಾತ್ರ ಎರಡು ಮೂರು ಚಿಕ್ಕ ಭರಣಿಗಳಿಗೋ ಗಾಜಿನ ಜಾಡಿಗಳಿಗೋ ಹಂಚಬೇಕೆಂಬುದು ನನ್ನ ಅಭಿಪ್ರಾಯ. ಹಂಚುವಾಗ ಮಿಡಿಯ ಜೊತೆಗೇ ಅದರ ನೀರೂ ಹೋಗಬೇಕು. ಜಾಡಿಗಳನ್ನು ತೊಳೆದು ಎರಡು ದಿನ ಬಿಸಿಲಿನಲ್ಲಿ ಒಣಗಿಸಿರಬೇಕು. ಸ್ಟೀಲಿನ ಡಬ್ಬಿ, ಅಲ್ಯೂಮಿನಿಯಂ ಪಾತ್ರೆ, ತಾಮ್ರದ ಹಂಡೆ ಒಂದೂ ಸಲ್ಲದು. ಉಪ್ಪು ಹುಳಿಗಳೆರಡೂ ಸೇರಿದರೆ ಲೋಹವನ್ನು ತಿನ್ನುತ್ತವೆ. ಮನೆ ಕಟ್ಟುವಲ್ಲಿ ರಾಶಿ ಬಿದ್ದಿರುವ ಪೈಂಟಿನ ಬಕೆಟುಗಳನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಬಾರದು.

ಭರಣಿಯೊಳಗೆ ಕಾಯಿಯನ್ನು ಅದುಮಿ ಹಿಡಿಯಲು ಇಟ್ಟ ಚಪ್ಪಟೆ ಕಲ್ಲನ್ನು ಹೊರಡುವ ಮೊದಲು ಮರೆಯದೆ ತೆಗೆಯಿರಿ. ನಮ್ಮ ಒಂದು ಭರಣಿ ಒಡೆದದ್ದು ಹೊರಗಿನ ಪೆಟ್ಟಿನಿಂದಲ್ಲ, ಒಳಗೇ ಹೊರಳಾಡಿದ ಹೊಳೆಯ ಕಲ್ಲಿನಿಂದ. ಅದರ ಬದಲಿಗೆ ಆಹಾರಕ್ಕೆ ಬಳಸುವ ಗಟ್ಟಿ ಪ್ಲಾಸ್ಟಿಕ್ ಚೀಲವೊಂದರಲ್ಲಿ ಅದೇ ಹದದ ಉಪ್ಪುನೀರನ್ನು ತುಂಬಿ, ಇನ್ನೊಂದು ಚೀಲದೊಳಗಿಟ್ಟು ಬಾಯಿ ಕಟ್ಟಿ, ಮಿಡಿಯ ಮೇಲೆ ಕೂರಿಸಬೇಕು. ಅದು ಕತ್ತಿನ ಆಕಾರಕ್ಕೇ ಒಗ್ಗಿಕೊಳ್ಳುತ್ತದೆ, ದಾರಿಯಲ್ಲಿ ಸೋರಿದರೂ ಒಳಗೆ ಬೀಳುವುದು ಉಪ್ಪುನೀರೇ. ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ, ಎಲ್ಲಕ್ಕೂ ಹೊರಗೆ ಹತ್ತಿಯ ಬಟ್ಟೆಯಿಟ್ಟು ಹುರಿಯಿಂದ ಬಿಗಿಯಬೇಕು. ಹೊಸ ಭರಣಿಗಳಿಗೆ ಮಾತ್ರ ಪ್ಲಾಸ್ಟಿಕ್‌ನಲ್ಲಿ ಸೂಜಿಯಿಂದ ಒಂದೆರಡು ತೂತು ಮಾಡಿ, ಅನಿಲ ಹೊರಗೆ ಹೋಗಲು ದಾರಿಯಿರಲಿ. ಪ್ರತಿಯೊಂದಕ್ಕೂ ಒಳಗೇನಿದೆ, ಯಾವ ವರ್ಷದ್ದು ಎಂಬ ಚೀಟಿ ಅಂಟಿಸಿ, ‘ಒಡೆಯುವ ವಸ್ತು, ಮಲಗಿಸಬಾರದು’ ಎಂಬುದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯುವುದು ಒಳ್ಳೆಯದು, ಏಕೆಂದರೆ ಹೊರೆ ಇಳಿಸುವವರಿಗೆ ಎರಡೂ ಲಿಪಿ ಬರುತ್ತದೆಂದು ಹೇಳಲಾಗದು. ದ್ರಾಕ್ಷಿಯ ವೈನ್ ಸೀಸೆಗಳನ್ನು ಬೆಂಡಿನ ಬಿರಡೆ ಒಣಗದಿರಲೆಂದು ಅಡ್ಡ ಮಲಗಿಸಿಡುತ್ತಾರೆ. ಅದನ್ನು ಎಲ್ಲೋ ಓದಿದ ನಮ್ಮ ಹುಡುಗನೊಬ್ಬ ಭರಣಿಯನ್ನೂ ಮಲಗಿಸಲು ಹೊರಟಿದ್ದ.

ಗಾಡಿಗೆ ಏರಿಸುವ ಕೆಲಸ ಬೆಳಗ್ಗೆ ಎಂಟರೊಳಗೆ ಮುಗಿಯಲಿ. ಮೇ ತಿಂಗಳ ಬಿಸಿಲಿಗೆ ಟಾರ್ಪಾಲಿನ ಕೆಳಗೆ ನಿಂತ ಭರಣಿ ಒಲೆಯ ಮೇಲಿಟ್ಟಂತೆಯೇ. ತಳಕ್ಕೆ ಬೈಹುಲ್ಲು ದಪ್ಪವಾಗಿ ಹಾಸಿ, ಪ್ರತಿ ಭರಣಿಯನ್ನು ಸ್ಕೂಟರಿನ ಹಳೆಯ ಟಯರಿನೊಳಗೆ ಸಿಂಬೆಯಲ್ಲಿ ಕೊಡ ಇಟ್ಟಂತೆ ಕೂರಿಸಿ, ನಡುವೆ ಅಡಿಕೆ ಹಾಳೆಗಳನ್ನು ತುರುಕಿದರೆ ಒಂದಕ್ಕೊಂದು ತಾಗುವುದಿಲ್ಲ. ಭರಣಿಗಳ ಜೊತೆ ಬೇರೆ ಸಾಮಾನು ಬೇಡ.

ಇನ್ನು ಇಡುವ ಜಾಗ. ತಾರಸಿಯ ಕೆಳಗಿನ ಮಹಡಿಯ ಕೋಣೆ ಎಷ್ಟು ವಿಶಾಲವಾಗಿದ್ದರೂ ಬೇಡ. ನೆಲದ ಅಂತಸ್ತಿನಲ್ಲಿ, ಒಲೆಯಿಂದ ದೂರವಿರುವ, ಪಡುವಣ ಬಿಸಿಲು ಬೀಳದ ಕೋಣೆಯಾಗಬೇಕು. ಸೆಕೆಗೆ ಮಿಡಿ ಮೆತ್ತಗಾಗುತ್ತದೆ, ಬೆಳಕಿಗೆ ಮೆಣಸಿನ ಕೆಂಪು ಮಾಸುತ್ತದೆ. ಕೃಷಿಕರ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಮಳೆಗೆ ಮುಂಚೆ ಅಡಿಕೆಗೆ ಮದ್ದು ಬಿಡಲೆಂದು ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣವನ್ನು ತಂದು ಹೊರಗಿನ ಕೊಟ್ಟಿಗೆಯಲ್ಲಿ ಪೇರಿಸಿಡುವ ಕಾಲವೂ ಇದೇ, ‘ಖಾಲಿ ಇದೆಯಲ್ಲ’ ಎಂದು ಭರಣಿಗಳಿಗೆ ತೋರಿಸುವ ಜಾಗವೂ ಅದೇ ಕೊಟ್ಟಿಗೆ. ಮೈಲುತುತ್ತು ವಿಷ, ಅದರ ಜೊತೆ ಒಂದೇ ಸೂರಿನಡಿ ಆಹಾರವನ್ನು ಇಡಲೇಬಾರದು. ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ಪಕ್ಕವೂ ಬೇಡ, ಆ ವಾಸನೆ ಹಪ್ಪಳಕ್ಕೆ, ಮಾವಿನ ಹಣ್ಣಿನ ರಸ ಒಣಗಿಸಿದ ಮಾಂಬಳಕ್ಕೆ ಹಿಡಿದರೆ ಬಿಡುವುದಿಲ್ಲ.

ಭರಣಿಗಳನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಬೇಕು. ಗಾಳಿಯಲ್ಲಿ ತೇವ ಶೇಕಡಾ 75 ದಾಟಿದರೆ ಉಪ್ಪು ನೀರನ್ನು ಹೀರತೊಡಗುತ್ತದೆ, ನಮ್ಮ ಮಳೆಗಾಲದಲ್ಲಿ ತೇವ ದಿನಗಟ್ಟಲೆ ಅದಕ್ಕಿಂತ ಮೇಲೆಯೇ ಇರುತ್ತದೆ. ಉಪ್ಪು ಹಿಡಿದ ಹೊರಬಟ್ಟೆ ಹಾಗೆ ನೆನೆದು ಬೂಸುರು ಹಿಡಿಯುತ್ತದೆ. ಬಟ್ಟೆ ಎಲ್ಲಕ್ಕಿಂತ ಹೊರಗಿರಲಿ ಎಂದದ್ದು ಇದಕ್ಕಾಗಿ: ಮುಚ್ಚಳವನ್ನು ಮುಟ್ಟದೆ, ಮೂರು ವಾರಕ್ಕೊಮ್ಮೆ ಬಟ್ಟೆಯನ್ನಷ್ಟೇ ಬಿಚ್ಚಿ ಒಣಗಿದ್ದನ್ನು ಕಟ್ಟಬಹುದು. ಹಪ್ಪಳ, ಸಂಡಿಗೆ, ಮಾಂಬಳಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಹೊರಡುವ ಮುನ್ನ ಒಮ್ಮೆ ಬಿಸಿಲಿಗಿಟ್ಟು, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿದರಾಯಿತು.

ಹೊಸ ಮನೆಗೆ ಬಂದ ಮೇಲೆ ಆತುರ ಬೇಡ. ಹೊಸ ಸಿಮೆಂಟಿನ ನೆಲ ತಿಂಗಳುಗಟ್ಟಲೆ ತೇವ ಬಿಡುತ್ತದೆ, ಬಣ್ಣದ ವಾಸನೆಯೂ ಕೋಣೆಯಲ್ಲಿ ನಿಂತಿರುತ್ತದೆ. ಉಗ್ರಾಣಕ್ಕೆ ಕೊನೆಗೆ ಬಣ್ಣ ಬಳಿಯುವ ಬದಲು ಮೊದಲೇ ಬಳಿದು ಕಿಟಕಿ ತೆರೆದಿಡುವಂತೆ ಮೇಸ್ತ್ರಿಗೆ ಹೇಳಿರಬೇಕು. ಇಳಿಸಿದ ಭರಣಿಗಳು ಒಂದು ವಾರ ಸುಮ್ಮನೆ ಕುಳಿತು, ಕಲಕಿದ ಹೊರಡಿ ತಳಕ್ಕಿಳಿಯಲಿ. ಆಮೇಲೆ ಹೊಸದರಿಂದ ಹಳೆಯದರ ಕಡೆಗೆ ಒಂದೊಂದಾಗಿ ಬಿಚ್ಚಿ, ಚೀಲವನ್ನು ತೆಗೆದು, ತೊಳೆದು ಒಣಗಿಸಿದ ಕಲ್ಲನ್ನು ಮತ್ತೆ ಇಟ್ಟು, ನೀರು ತಗ್ಗಿದ್ದರೆ ಮೊದಲಿನ ಅಳತೆಯಲ್ಲೇ ತುಂಬಿಸಿ ಕಟ್ಟಬೇಕು. ಹಂಚಿದ್ದ ಚಿಕ್ಕ ಜಾಡಿಗಳನ್ನು ಮತ್ತೆ ದೊಡ್ಡ ಭರಣಿಗೆ ಸುರಿಯಬೇಡಿ. ಅವುಗಳಿಂದಲೇ ಊಟಕ್ಕೆ ಬಡಿಸುತ್ತ ಬನ್ನಿ, ದೊಡ್ಡ ಭರಣಿ ಮುಂದಿನ ಫೆಬ್ರವರಿಯ ಮಿಡಿಗೆ ಖಾಲಿಯಾಗಿಯೇ ಇರಲಿ.