ಕಣ್ಣಿರುವ ಜಾಗದಿಂದ ಪ್ರಾಣಿಯ ಬದುಕನ್ನು ಗುರುತಿಸುವ ಬಗೆ

ಇದನ್ನು ಕಲಿಯಲು ಕಾಡಿಗೇ ಹೋಗಬೇಕಿಲ್ಲ. ಚಿತ್ರದುರ್ಗದ ಸುತ್ತಲಿನ ಯಾವುದಾದರೂ ಕುರಿಹಟ್ಟಿಯ ಬಳಿ ಹತ್ತು ನಿಮಿಷ ನಿಂತರೆ ಸಾಕು. ಮೊದಲು ಕುರಿಯ ಎದುರು ನಿಂತು, ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದನ್ನು ಗಮನಿಸಿ. ಬಳಿಕ ಸದ್ದಿಲ್ಲದೆ ಅದರ ಹಿಂದಕ್ಕೆ ಸರಿಯುತ್ತಾ ಹೋಗಿ: ಕಣ್ಣಿನ ಅಂಚು ನಿಮಗೆ ಕಾಣುವಷ್ಟು ಹೊತ್ತೂ ನೀವು ಅದಕ್ಕೆ ಕಾಣುತ್ತಿರುತ್ತೀರಿ, ಬೆನ್ನಿನ ನೇರಕ್ಕೆ ಬಂದಾಗ ಮಾತ್ರ ಮರೆಯಾಗುತ್ತೀರಿ.

ಇನ್ನು ಪಾಪೆಯನ್ನು ನೋಡಿ. ಬಿಸಿಲಿನಲ್ಲಿ ಅದು ಅಡ್ಡಗೆರೆಯಂತೆ ಕಿರಿದಾಗಿ, ನೆಲದುದ್ದಕ್ಕೂ ಎಲ್ಲಿ ಏನು ಅಲುಗಿದರೂ ಹಿಡಿಯುವಂತಿರುತ್ತದೆ. ಮೇಯಲು ಕುರಿ ತಲೆ ಬಗ್ಗಿಸಿದಾಗ ಆ ಗೆರೆಯೂ ವಾಲಬೇಕಿತ್ತಲ್ಲವೇ? ವಾಲುವುದಿಲ್ಲ, ಕಣ್ಣುಗುಡ್ಡೆಯೇ ಗೂಡಿನೊಳಗೆ ತಿರುಗಿ ಗೆರೆಯನ್ನು ನೆಲಕ್ಕೆ ಸಮನಾಗಿ ಉಳಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಅತ್ಯಂತ ಸೊಗಸಾದ ಸಂಗತಿ ಇದೇ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಯ ಕಣ್ಣುಗಳೂ ಪಕ್ಕಕ್ಕೇ ಇವೆ; ಬೇಟೆಗೆ ಬಲಿಯಾಗುವ ಪ್ರಾಣಿ ಸುತ್ತಲೂ ಕಣ್ಣಿಟ್ಟಿರಬೇಕಲ್ಲ.

ಬೇಟೆಗಾರ ಪ್ರಾಣಿಗೆ ಮನೆಯ ಬೆಕ್ಕೇ ಮಾದರಿ. ಅದರ ಎರಡೂ ಕಣ್ಣುಗಳು ಮುಂದಕ್ಕಿದ್ದು, ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ನೋಡುವುದರಿಂದ ನೆಗೆಯಬೇಕಾದ ದೂರ ನಿಖರವಾಗಿ ತಿಳಿಯುತ್ತದೆ. ಇದನ್ನು ನೀವೇ ಪರೀಕ್ಷಿಸಲು ಒಂದು ಕಣ್ಣು ಮುಚ್ಚಿ, ಎರಡು ಪೆನ್ನುಗಳ ತುದಿಗಳನ್ನು ಎದುರುಬದುರಾಗಿ ತಾಗಿಸಲು ಯತ್ನಿಸಿ. ಹಲವು ಸಲ ಗುರಿ ತಪ್ಪುತ್ತದೆ.

ಆದರೆ ಕಣ್ಣು ಮುಂದಿದ್ದ ಮಾತ್ರಕ್ಕೆ ಬೇಟೆಗಾರನೆಂದು ತೀರ್ಮಾನಿಸಬೇಡಿ. ಎಲೆ, ಕಾಯಿ ತಿನ್ನುವ ಮುಸುವನ ಕಣ್ಣುಗಳೂ ಮುಂದಕ್ಕೇ ಇವೆ; ಕೊಂಬೆಯಿಂದ ಕೊಂಬೆಗೆ ಹಾರುವಾಗ ಅದಕ್ಕೂ ದೂರದ ಲೆಕ್ಕ ತಪ್ಪುವಂತಿಲ್ಲ.