ಬಿಸಿ 547 (BC547) ಟ್ರಾನ್ಸಿಸ್ಟರ್: ಸದ್ದಿಗಿಂತ ಮೊದಲು ವೋಲ್ಟೇಜ್ ನೋಡಿ

ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ಮೈಕು, ವಯರು ನೋಡಿಕೊಳ್ಳುವ ಕೆಲಸ ನನ್ನ ತಲೆಗೇ ಬಿದ್ದಿದೆ. ಹಾಗಾಗಿ ಡಿಪ್ಲೊಮಾ ಓದುವ ಅಕ್ಕಪಕ್ಕದ ಹುಡುಗರು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಸರ್ಕ್ಯೂಟ್ ಚುಚ್ಚಿ ಕಟ್ಟುವ ತೂತಿನ ಹಲಗೆ) ಹಿಡ್ಕೊಂಡು ಬರುತ್ತಿರುತ್ತಾರೆ. "ಅಂಕಲ್, ಸರ್ಕ್ಯೂಟ್ ಕರೆಕ್ಟಾಗೇ ಇದೆ, ಸೌಂಡ್ ಮಾತ್ರ ಬರ್ತಿಲ್ಲ." ನಾನು ಕೇಳುವುದು ಒಂದೇ: ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಾಲಿನಲ್ಲಿ ಎಷ್ಟು ವೋಲ್ಟ್ ಇದೆ? ಹೆಚ್ಚಿನವರು ಅಳೆದೇ ಇರುವುದಿಲ್ಲ. ಒಂದು ಟ್ರಾನ್ಸಿಸ್ಟರ್‌ನ ಪುಟ್ಟ ಆಂಪ್ಲಿಫೈಯರ್‌ನಲ್ಲಿ ಮುಕ್ಕಾಲು ಪಾಲು ಕೆಲಸ ಮೈಕು ಜೋಡಿಸುವ ಮೊದಲೇ ಮುಗಿದಿರಬೇಕು.

ಸಾಮಾನು ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ ಅಂತಿದ್ದರೂ ಹಾಗೆ ಕರೆಯುವವರು ಕಡಿಮೆ. ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಬಿಸಿ 547 ಅಂದರೆ ಸಾಕು, ಅಂಗಡಿಯವನಿಗೆ ಗೊತ್ತಾಗುತ್ತದೆ. ಒಂದೇ ಒಂದು ಕೇಳಬೇಡಿ, ಹತ್ತು ತಗೊಳ್ಳಿ. ಬೆಲೆ ಅಷ್ಟೇನಿಲ್ಲ.

ಇದು ಎನ್‌ಪಿಎನ್ ಜಾತಿ. ಕಲೆಕ್ಟರ್‌ನಿಂದ ಎಮಿಟರ್‌ಗೆ 45 ವೋಲ್ಟ್ ತನಕ ತಡೆಯುತ್ತದೆ, ಕರೆಂಟ್ 100 ಮಿಲಿಆಂಪ್ ತನಕ. ನಾವು ಕೊಡುವುದು 9 ವೋಲ್ಟ್, 1 ಮಿಲಿಆಂಪ್ ಅಷ್ಟೇ. ಬಿಸಿಯಾಗುವ ಮಾತೇ ಇಲ್ಲ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅದೇ 2ಎನ್ 3904 ಅನ್ನುವ ಇನ್ನೊಂದು ಟ್ರಾನ್ಸಿಸ್ಟರ್‌ನಲ್ಲಿ ಎಡಗಡೆ ಎಮಿಟರ್, ಬಲಗಡೆ ಕಲೆಕ್ಟರ್. ಅಂಗಡಿಯವನು "ಸೇಮ್ ಹೈ" ಅಂತ ಇದನ್ನು ಕೊಟ್ಟರೆ ತಗೊಳ್ಳಿ, ಪರವಾಗಿಲ್ಲ. ಆದರೆ ತಿರುಗಿಸಿ ಹಾಕಿ. ಉಲ್ಟಾ ಹಾಕಿದ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಿರುವುದಿಲ್ಲ, ಕುಂಟುತ್ತಾ ಕೆಲಸ ಮಾಡುತ್ತದೆ. ತಪ್ಪು ಬೇಗ ಸಿಗದಿರುವುದು ಅದಕ್ಕೇ. ಮೇಲಾಗಿ ಬೇಸ್-ಎಮಿಟರ್ ಜೋಡಿ ಉಲ್ಟಾ ದಿಕ್ಕಿನಲ್ಲಿ ತಡೆಯುವುದು ಬರೀ 6 ವೋಲ್ಟ್. 9 ವೋಲ್ಟಿನ ಸರ್ಕ್ಯೂಟ್‌ನಲ್ಲಿ ಅದು ಮೀರಿಹೋಗಬಹುದು, ಆಮೇಲೆ ಸರಿಯಾಗಿ ಹಾಕಿದರೂ ಸುಯ್ ಅನ್ನುವ ಗದ್ದಲ ಜಾಸ್ತಿ ಇರಬಹುದು.

ಈಗ ಬಯಾಸ್, ಅಂದರೆ ಸಿಗ್ನಲ್ ಬರುವ ಮೊದಲೇ ಟ್ರಾನ್ಸಿಸ್ಟರನ್ನು ಸರಿಯಾದ ವೋಲ್ಟೇಜ್‌ನಲ್ಲಿ ಕೂರಿಸುವುದು. ಇಲ್ಲಿ ಸ್ವಲ್ಪ ನಿಂತು ನೋಡೋಣ.

ಬೇಸ್‌ಗೆ ಸುಮಾರು 1.5 ಮೆಗಾ ಓಮ್‌ನ ಒಂದೇ ರೆಸಿಸ್ಟರ್, ಕಲೆಕ್ಟರ್‌ಗೆ 4.7 ಕೆ (ಕೆ ಅಂದರೆ ಸಾವಿರ ಓಮ್), ಎಮಿಟರ್ ನೇರ ಗ್ರೌಂಡ್‌ಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ. ಇಂಥ ಸರ್ಕ್ಯೂಟ್ ತುಂಬಾ ಕಡೆ ಕಾಣುತ್ತದೆ. ಎಚ್‌ಎಫ್‌ಇ, ಅಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತದೆ ಅನ್ನುವ ಲೆಕ್ಕ, 200 ಇದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಬಿಸಿ 547ರಲ್ಲಿ ಆ ಸಂಖ್ಯೆ 110ರಿಂದ 800ರ ತನಕ ಎಲ್ಲಿ ಬೇಕಾದರೂ ಇರಬಹುದು. ಹೆಸರಿನ ಕೊನೆಯಲ್ಲಿ ಎ ಇದ್ದರೆ 110ರಿಂದ 220, ಬಿ ಇದ್ದರೆ 200ರಿಂದ 450, ಸಿ ಇದ್ದರೆ 420ರಿಂದ 800. ನಿಮ್ಮ ಕೈಗೆ 500ರದ್ದು ಬಂತು ಅನ್ನಿ. 4.7 ಕೆ ಮೇಲೆ 9 ವೋಲ್ಟಿಗಿಂತ ಜಾಸ್ತಿ ಬೀಳಬೇಕಾಗುತ್ತದೆ, ಅದು ಆಗದ ಮಾತು. ಕಲೆಕ್ಟರ್ ಗ್ರೌಂಡ್ ಹತ್ತಿರ ಕಚ್ಚಿಕೊಂಡು ಕೂರುತ್ತದೆ, ಸದ್ದು ಹೊರಡುವುದಿಲ್ಲ.

ಎಚ್‌ಎಫ್‌ಇ ನಂಬಿ ಸಂಸಾರ ಮಾಡಬೇಡಿ. ಅದು ಎಷ್ಟಿದ್ದರೂ ನಡೆಯುವ ಹಾಗೆ ಕಟ್ಟಿ:

9 ವೋಲ್ಟ್‌ನಿಂದ ಬೇಸ್‌ಗೆ 68 ಕೆ. ಬೇಸ್‌ನಿಂದ ಗ್ರೌಂಡ್‌ಗೆ 15 ಕೆ. 9 ವೋಲ್ಟ್‌ನಿಂದ ಕಲೆಕ್ಟರ್‌ಗೆ 4.7 ಕೆ. ಎಮಿಟರ್‌ನಿಂದ 100 ಓಮ್, ಅದರ ಕೆಳಗೆ 820 ಓಮ್, ಆಮೇಲೆ ಗ್ರೌಂಡ್. 820ರ ಎರಡು ತುದಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೈನಸ್ ಗ್ರೌಂಡ್‌ಗೆ.

68 ಕೆ ಮತ್ತು 15 ಕೆ ಸೇರಿ ಬೇಸ್‌ನಲ್ಲಿ ಸುಮಾರು 1.6 ವೋಲ್ಟ್ ನಿಲ್ಲಿಸುತ್ತವೆ. ಬೇಸ್‌ಗೂ ಎಮಿಟರ್‌ಗೂ 0.6 ಚಿಲ್ಲರೆ ವ್ಯತ್ಯಾಸ ಇದ್ದೇ ಇರುತ್ತದೆ. ಉಳಿದದ್ದು ಸುಮಾರು 1 ವೋಲ್ಟ್, ಅದು ಎಮಿಟರ್‌ನ 920 ಓಮ್ ಮೇಲೆ ಬೀಳುತ್ತದೆ. ಅಲ್ಲಿಗೆ ಕರೆಂಟ್ 1 ಮಿಲಿಆಂಪ್ ಆಸುಪಾಸು. 4.7 ಕೆ ಮೇಲೆ 4.7 ವೋಲ್ಟ್ ಬಿದ್ದು ಕಲೆಕ್ಟರ್‌ನಲ್ಲಿ 4.3ರಷ್ಟು ಉಳಿಯುತ್ತದೆ. ಈಗ 110 ಇರುವ ಟ್ರಾನ್ಸಿಸ್ಟರ್ ಕಿತ್ತು 600ರದ್ದು ಹಾಕಿ. ಕಲೆಕ್ಟರ್ ವೋಲ್ಟೇಜ್ ಅರ್ಧ ವೋಲ್ಟ್ ಕೂಡ ಕದಲುವುದಿಲ್ಲ. ಮೇ ತಿಂಗಳ ಸೆಕೆಗೂ ಇದೇ ಮದ್ದು. ಬಿಸಿ ಒಂದು ಡಿಗ್ರಿ ಏರಿದರೆ ಆ 0.6 ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಎಮಿಟರ್ ರೆಸಿಸ್ಟರ್ ಅದನ್ನು ನುಂಗಿಕೊಳ್ಳುತ್ತದೆ.

ರೆಸಿಸ್ಟರ್ ಹಾಕುವ ಮೊದಲು ಮೀಟರ್‌ನಲ್ಲಿ ಒಮ್ಮೆ ನೋಡಿಬಿಡಿ. ಹಳದಿ-ನೇರಳೆ-ಕೆಂಪು ಅಂದರೆ 4.7 ಕೆ, ಹಳದಿ-ನೇರಳೆ-ಕಿತ್ತಳೆ ಅಂದರೆ 47 ಕೆ. ರಾತ್ರಿ ಬಲ್ಬಿನ ಬೆಳಕಲ್ಲಿ ಆ ಕೆಂಪು, ಕಿತ್ತಳೆ ಎರಡೂ ಒಂದೇ ಥರ ಕಾಣುತ್ತವೆ.

ಇನ್ನೂ ಮೈಕು ಹಾಕಬೇಡಿ. ಬ್ಯಾಟರಿ ಕೊಟ್ಟು, ಮೀಟರ್‌ನ ಕಪ್ಪು ವಯರು ಗ್ರೌಂಡ್‌ಗೆ ಸಿಕ್ಕಿಸಿ ಕಲೆಕ್ಟರ್ ಮುಟ್ಟಿ. 4ರಿಂದ 4.6 ಬಂದರೆ ಮುಂದೆ ಹೋಗಿ. ಪೂರ್ತಿ 9 ತೋರಿಸಿದರೆ ಟ್ರಾನ್ಸಿಸ್ಟರ್ ಎದ್ದೇ ಇಲ್ಲ. ಬೇಸ್‌ನಲ್ಲಿ 1.6 ಇದೆಯಾ ನೋಡಿ, ಎಮಿಟರ್‌ನಿಂದ ಗ್ರೌಂಡ್ ತನಕ ವಯರು ಹಿಡಿದು ಬನ್ನಿ. ಎಮಿಟರ್, ಕಲೆಕ್ಟರ್ ಎರಡರಲ್ಲೂ ಒಂದೂವರೆ ವೋಲ್ಟಿನ ಆಸುಪಾಸು ಇದ್ದರೆ ಅದು ಕಚ್ಚಿಕೊಂಡಿದೆ. ಬಹುತೇಕ 15 ಕೆ ಸರಿಯಾಗಿ ಕೂತಿರುವುದಿಲ್ಲ. ನಮ್ಮೂರಿನ ಮಳೆಗಾಲದಲ್ಲಿ ಹಳೆ ಬ್ರೆಡ್‌ಬೋರ್ಡಿನ ಒಳಗಿನ ಪತ್ತಿಗೆ ಕಿಲುಬು ಹಿಡಿಯುತ್ತದೆ. ಕಣ್ಣಿಗೆ ಕಾಲು ತೂತಿನಲ್ಲೇ ಇರುತ್ತದೆ, ಕನೆಕ್ಷನ್ ಇರುವುದಿಲ್ಲ. ಪಕ್ಕದ ತೂತಿಗೆ ಬದಲಿಸಿ ನೋಡಿ.

ಇನ್ನು ಮೈಕು. ಚಿಕ್ಕ ಎಲೆಕ್ಟ್ರೆಟ್ ಮೈಕಿನ ಎರಡು ತುದಿಯಲ್ಲಿ ಲೋಹದ ಕವಚಕ್ಕೆ ತಾಗಿಕೊಂಡಿರುವುದು ಗ್ರೌಂಡ್. ಇನ್ನೊಂದಕ್ಕೆ 9 ವೋಲ್ಟ್‌ನಿಂದ 10 ಕೆ ಕೊಡಿ, ಅಲ್ಲಿಂದಲೇ 1 ಮೈಕ್ರೋಫ್ಯಾರಡ್ ಮೂಲಕ ಬೇಸ್‌ಗೆ. ಆ ಕೆಪಾಸಿಟರ್ ಎಲೆಕ್ಟ್ರೋಲಿಟಿಕ್ (ಪ್ಲಸ್-ಮೈನಸ್ ಇರುವ ಜಾತಿ) ಆದರೆ ಪ್ಲಸ್ ಮೈಕಿನ ಕಡೆ, ಏಕೆಂದರೆ ವೋಲ್ಟೇಜ್ ಅಲ್ಲೇ ಜಾಸ್ತಿ. ಔಟ್‌ಪುಟ್‌ಗೆ ಕಲೆಕ್ಟರ್‌ನಿಂದ 10 ಮೈಕ್ರೋಫ್ಯಾರಡ್, ಪ್ಲಸ್ ಕಲೆಕ್ಟರ್ ಕಡೆ.

ಗೇನ್ ಎಷ್ಟು, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ? ಟ್ರಾನ್ಸಿಸ್ಟರ್‌ನ ಒಳಗೇ 1 ಮಿಲಿಆಂಪ್‌ಗೆ ಸುಮಾರು 25 ಓಮ್ ಇರುತ್ತದೆ. ಅದಕ್ಕೆ ನಮ್ಮ 100 ಸೇರಿಸಿದರೆ 125 (820ನ್ನು ಸಿಗ್ನಲ್ ಕೆಪಾಸಿಟರ್ ಮೂಲಕ ತಪ್ಪಿಸಿಕೊಂಡು ಹೋಗುತ್ತದೆ, ಅದು ಲೆಕ್ಕಕ್ಕಿಲ್ಲ). 4700ನ್ನು ಅದರಿಂದ ಭಾಗಿಸಿ, ಸುಮಾರು 37. 100 ಓಮ್ ತೆಗೆದು ಬರೀ 25 ಉಳಿಸಿದರೆ ಗೇನ್ 180ರ ಹತ್ತಿರ ಹೋಗುತ್ತದೆ. ಹುಡುಗರಿಗೆ ಆಸೆ ಆಗುವುದು ಇದೇ. ನಾನು ಬೇಡ ಅನ್ನುತ್ತೇನೆ. ಆ 25 ಓಮ್ ಸಿಗ್ನಲ್ ಜೊತೆಗೇ ಏರಿಳಿಯುತ್ತದೆ, ದನಿ ಒಡೆಯುತ್ತದೆ. ಹಾರ್ಮೋನಿಯಂ ಕೇಳಿದರೆ ತಕ್ಷಣ ಗೊತ್ತಾಗುತ್ತದೆ, ಷಡ್ಜವೇ ಗೊಗ್ಗರಾಗುತ್ತದೆ. ಮಿತಿ 37ಕ್ಕೂ ಇದೆ. ಕಲೆಕ್ಟರ್ ಕೆಳಗೆ ಇಳಿಯಲು ಜಾಗ ಇರುವುದು 3 ವೋಲ್ಟ್ ಅಷ್ಟೇ, ಹಾಗಾಗಿ ಒಳಗೆ ಬರುವ ಸಿಗ್ನಲ್ 80 ಮಿಲಿವೋಲ್ಟ್ ದಾಟಬಾರದು. ಮೊಬೈಲ್‌ನ ಹೆಡ್‌ಫೋನ್ ಔಟ್‌ಪುಟ್ ಇದಕ್ಕೆ ಚುಚ್ಚಿ "ಒಡೀತಿದೆ" ಅಂದರೆ ಏನೂ ಮಾಡಲಾಗುವುದಿಲ್ಲ. ವಾಲ್ಯೂಮ್ ಇಳಿಸಿ.

ಈ ಔಟ್‌ಪುಟ್‌ಗೆ 8 ಓಮ್ ಸ್ಪೀಕರ್ ನೇರವಾಗಿ ಹಾಕಿದರೆ ಏನೂ ಕೇಳಿಸುವುದಿಲ್ಲ. ಒಂದು ಮಿಲಿಆಂಪ್‌ನಲ್ಲಿ ಸ್ಪೀಕರ್ ತಳ್ಳಲಾಗದು. ಮುಂದೆ 10 ಕೆ ವಾಲ್ಯೂಮ್ ಪಾಟ್ (ತಿರುಗಿಸುವ ರೆಸಿಸ್ಟರ್) ಇಟ್ಟು ಸ್ಪೀಕರ್ ತಳ್ಳಬಲ್ಲ ಎಲ್‌ಎಂ 386 ಐಸಿ ಹಾಕಿ. ಪಾಟ್ ಸ್ವಲ್ಪ ಕರೆಂಟ್ ಎಳೆಯುವುದರಿಂದ ಗೇನ್ 25ರ ಹತ್ತಿರ ಇಳಿಯುತ್ತದೆ, ಮೈಕಿಗೆ ಅಷ್ಟು ಸಾಕು.

ಗುಂಯ್ ಅನ್ನುವ 50 ಹರ್ಟ್ಸ್ ಸದ್ದು ಬಂದರೆ ಮೈಕಿಗೆ ಶೀಲ್ಡ್ ವಯರು ಹಾಕಿ, ಎಲ್ಲ ಗ್ರೌಂಡ್‌ಗಳನ್ನೂ ಒಂದೇ ಕಡೆ ಸೇರಿಸಿ. ಬ್ಯಾಟರಿಗೆ ಅಡ್ಡಲಾಗಿ ಇನ್ನೊಂದು 100 ಮೈಕ್ರೋಫ್ಯಾರಡ್ ಇರಲಿ. ಅಡಾಪ್ಟರ್ ಬೇಡ, ಬ್ಯಾಟರಿಯೇ ಒಳ್ಳೆಯದು. ಮೈಕೂ ಸೇರಿ ಈ ಹಂತ ಎಳೆಯುವುದು ಒಂದೂವರೆ ಮಿಲಿಆಂಪ್ ಅಷ್ಟೇ. ಬ್ಯಾಟರಿಯನ್ನು ಬೇಗ ಖಾಲಿ ಮಾಡುವುದು ಮುಂದಿನ 386, ಅದಕ್ಕೇ ಸ್ವಿಚ್ ಅದರ ದಾರಿಯಲ್ಲಿ ಇರಲಿ.